ಲ್ಯಾಂಡಿಂಗ್ ಬಾರದ ಹೀರೋ

ಕೆಂಪು ಕೂದಲಿನವನಿಗೆ 'ನೀಲಿ' ಅಂತ ಅಡ್ಡಹೆಸರು ಇಡೋದು ಆಸ್ಟ್ರೇಲಿಯನ್ನರ ಹಳೇ ತಮಾಷೆ. ಕೀತ್ ಟ್ರಸ್ಕಾಟ್ ಹಾಗೆ 'ಬ್ಲೂಯಿ' ಆದ. 1916ರಲ್ಲಿ ಹುಟ್ಟಿದವನು, ಮೆಲ್ಬರ್ನ್ ಕ್ಲಬ್ಬಿನ ಫುಟ್‌ಬಾಲ್ ಆಟಗಾರ. ನಮಗೆ ಗೊತ್ತಿರೋ ಫುಟ್‌ಬಾಲ್ ಅಲ್ಲ ವೀಕ್ಷಕರೇ. ಕ್ರಿಕೆಟ್ ಮೈದಾನದಷ್ಟು ಜಾಗ, ತಂಡಕ್ಕೆ 18 ಜನ, ಚೆಂಡೂ ಮೊಟ್ಟೆ ಆಕಾರ. ಅವನ ತಂಡ 1939 ಮತ್ತು 1940ರಲ್ಲಿ ಚಾಂಪಿಯನ್. ಎರಡನೇ ಫೈನಲ್ ಹೊತ್ತಿಗೆ ಅವನು ವಾಯುಪಡೆ ಸೇರಿಯಾಗಿತ್ತು. ರಜೆ ಪಡೆದು ಬಂದು ಆಡಿದ.

ಸ್ಟಾರ್ ಆಟಗಾರ, ಹಾಗಾಗಿ ಸ್ಟಾರ್ ಪೈಲಟ್ ಅಂತ ಸ್ಕ್ರಿಪ್ಟ್ ಬರೆಯೋದು ನಮ್ಮಂಥ ಚಾನೆಲ್‌ನವರಿಗೆ ಬಲು ಸುಲಭ. ನಿಜ ಬೇರೆ ಇದೆ. ವಿಮಾನ ಓಡಿಸೋದರಲ್ಲಿ ಬ್ಲೂಯಿ ಸಾಧಾರಣ. ಇಳಿಸೋದಂತೂ ಬರ್ತಾನೇ ಇರಲಿಲ್ಲ. ನೋಡಿ, ನೆಲ ಮುಟ್ಟೋ ಕೊನೇ ಕ್ಷಣದಲ್ಲಿ ವಿಮಾನದ ಮೂಗು ಎತ್ತಿ ವೇಗ ಕಳೀಬೇಕು. ಇವನು 20 ಅಡಿ ಮೇಲಿದ್ದಾಗಲೇ ನೆಲ ಬಂತು ಅಂದ್ಕೊಳ್ತಿದ್ದ. ವೇಗ ಹೋದರೆ ರೆಕ್ಕೆಯ ಎತ್ತುವ ಶಕ್ತಿ ಹೋಯ್ತು, ವಿಮಾನ ಧೊಪ್ಪಂತ ಕೂರುತ್ತೆ. (ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಬೇಡ್ವಾ!) ಈ ದೋಷ ಅವನಿಗೆ ಕೊನೆವರೆಗೂ ಬಿಡಲಿಲ್ಲ.

ಆದರೂ 1941ರಲ್ಲಿ ಇಂಗ್ಲೆಂಡಿನ 452ನೇ ಸ್ಕ್ವಾಡ್ರನ್ ಸೇರಿ ಸ್ಪಿಟ್‌ಫೈರ್‌ನಲ್ಲಿ ಜರ್ಮನ್ ವಿಮಾನಗಳನ್ನು ಒಂದರ ಮೇಲೊಂದು ಉರುಳಿಸಿದ. ಡಿಎಫ್‌ಸಿ ಶೌರ್ಯಪದಕ ಎರಡು ಸಲ ಬಂತು. 1942ರಲ್ಲಿ ಊರಿಗೆ ಮರಳಿದವನನ್ನು ಕ್ಲಬ್ಬು ಒಂದೇ ಒಂದು ಮ್ಯಾಚ್‌ಗೆ ಕ್ಯಾಪ್ಟನ್ ಮಾಡಿ ಕಣಕ್ಕಿಳಿಸಿತು. ಮೆಲ್ಬರ್ನಿನ ದೊಡ್ಡ ಕ್ರಿಕೆಟ್ ಮೈದಾನ ಆಗ ಅಮೆರಿಕನ್ ಸೈನಿಕರ ಬಿಡಾರ ಆಗಿತ್ತು. ಯುದ್ಧ ಮನೆ ಬಾಗಿಲಿಗೇ ಬಂದಿತ್ತು.

ಅದೇ ಆಗಸ್ಟಿನಲ್ಲಿ ನ್ಯೂಗಿನಿಯ ಮಿಲ್ನ್ ಬೇಗೆ ಜಪಾನೀಯರು ಇಳಿದರು. ಮಳೆ, ಕೆಸರು, ಕೆಸರಿನ ಮೇಲೆ ಉಕ್ಕಿನ ತಗಡು ಹಾಸಿ ಮಾಡಿದ ರನ್‌ವೇ. 27ರಂದು 76ನೇ ಸ್ಕ್ವಾಡ್ರನ್ನಿನ ನಾಯಕ ಪೀಟರ್ ಟರ್ನ್‌ಬುಲ್ ಸತ್ತ. ಜವಾಬ್ದಾರಿ ಬ್ಲೂಯಿ ಹೆಗಲಿಗೆ ಬಿತ್ತು. ಕಿಟಿಹಾಕ್ ವಿಮಾನಗಳು ಮರದ ತುದಿ ಸವರಿಕೊಂಡು ಗುಂಡು ಸುರಿಸಿದವು. ಸೆಪ್ಟೆಂಬರ್ ಮೊದಲ ವಾರ ಮುಗಿಯೋ ಹೊತ್ತಿಗೆ ಜಪಾನೀಯರು ಹಡಗು ಹತ್ತಿ ವಾಪಸ್. ನನ್ನ ಲೆಕ್ಕದಲ್ಲಿ ಅವನ ದೊಡ್ಡ ಕೆಲಸ ಇದು, ಉರುಳಿಸಿದ ವಿಮಾನಗಳ ಎಣಿಕೆ ಅಲ್ಲ.

1943ರ ಮಾರ್ಚ್ 28. ಪಶ್ಚಿಮ ಆಸ್ಟ್ರೇಲಿಯಾದ ಎಕ್ಸ್‌ಮತ್ ಗಲ್ಫ್. ಶತ್ರು ಯಾರೂ ಇರಲಿಲ್ಲ. ಕ್ಯಾಟಲೀನಾ ವಿಮಾನವೊಂದರ ಮೇಲೆ ಅಭ್ಯಾಸಕ್ಕಂತ ಸುಳ್ಳು ದಾಳಿ ಮಾಡ್ತಿದ್ದ. ಸಮುದ್ರ ಕನ್ನಡಿ ಥರ ಇತ್ತು. ಅಲೆಯೇ ಇಲ್ಲದಿದ್ದರೆ ನೀರು ಎಲ್ಲಿದೆ ಅಂತ ಯಾವ ಪೈಲಟ್‌ಗೂ ಅಂದಾಜು ಸಿಗಲ್ಲ. ಎಂದೂ ಎತ್ತರ ಅಳೆಯಲು ಬಾರದ ಬ್ಲೂಯಿ ಈ ಸಲ ನೀರು ಇನ್ನೂ ಕೆಳಗಿದೆ ಅಂದ್ಕೊಂಡ. ವಯಸ್ಸು 26.

ಕ್ಲಬ್ಬಿನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡೋ ಪದಕಕ್ಕೆ ಇವತ್ತಿಗೂ ಅವನದೇ ಹೆಸರು. ಕಿಂಬರ್ಲಿ ಪ್ರದೇಶದಲ್ಲಿ 1944ರಲ್ಲಿ ಕಟ್ಟಿದ ಯುದ್ಧ ವಿಮಾನ ನಿಲ್ದಾಣಕ್ಕೂ ಟ್ರಸ್ಕಾಟ್ ಅಂತಲೇ ಹೆಸರಿಟ್ಟರು. ಅಲ್ಲಿ ಈಗಲೂ ವಿಮಾನ ಇಳಿಯುತ್ತೆ.