ಕೋವಿಯಿಂದ ಕ್ಯಾಮೆರಾಕ್ಕೆ: ಎಂ.ವೈ. ಘೋರ್ಪಡೆ ಮತ್ತು ಅರಸುಮನೆತನದ ಅರಣ್ಯದೃಷ್ಟಿ

ಇಂದು ಚಾಮರಾಜನಗರ ಜಿಲ್ಲೆಗೆ ಸೇರಿರುವ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳು ನೆಲದಿಂದ ಒಂದೇ ಆದರೂ ಇತಿಹಾಸದಿಂದ ಬೇರೆ ಬೇರೆ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಪ್ರದೇಶ. ಹನೂರನ್ನು ಒಳಗೊಂಡಿದ್ದ ಕೊಳ್ಳೇಗಾಲವಾದರೋ 1956ರವರೆಗೆ ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಜಹಗೀರು, ಸಂಸ್ಥಾನ, ಬ್ರಿಟಿಷ್ ಪ್ರಾಂತ ಎಂಬ ಗಡಿಗಳು ಕಾಗದದ ಮೇಲಿದ್ದುವೇ ಹೊರತು ಬಿಳಿಗಿರಿರಂಗನ ಬೆಟ್ಟದ ಆನೆಗಳಿಗೆ ಅವುಗಳ ಗೊಡವೆ ಇರಲಿಲ್ಲ. ಆದರೆ ಆ ಕಾಡನ್ನು ಯಾರು ಪ್ರವೇಶಿಸಬಹುದು, ಯಾರು ನೋಡಬಹುದು, ಯಾರು ಕೊಲ್ಲಬಹುದು ಎಂಬುದನ್ನು ನಿರ್ಧರಿಸಿದ್ದು ಅದೇ ಗಡಿಗಳ ಹಿಂದಿದ್ದ ಅಧಿಕಾರ. ಕರ್ನಾಟಕದ ವನ್ಯಜೀವಿ ಛಾಯಾಗ್ರಹಣದ ಇತಿಹಾಸವನ್ನು ಈ ಪ್ರಶ್ನೆಯಿಂದಲೇ ಆರಂಭಿಸುವುದು ಉಚಿತ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಅಧಿಕಾರದ ಸಂಕೇತ ಕೋವಿಯಾಗಿತ್ತು. ಜಿ.ಪಿ. ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿ ಆನೆಗಳನ್ನು ಸೆರೆಹಿಡಿದನು. ಆತನ ಅನುಭವಗಳು 1878ರಲ್ಲಿ ಪುಸ್ತಕರೂಪದಲ್ಲಿ ಹೊರಬಂದವು. ಮುಂದೆ ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟದ ಒಡೆಯ ಆರ್.ಸಿ. ಮಾರಿಸ್ ಬೇಟೆಗಾರನೂ ಪ್ರಕೃತಿ ವೀಕ್ಷಕನೂ ಆಗಿ ಹೆಸರಾದನು. ಮೈಸೂರಿನ ಅರಮನೆಗೆ ಖೆಡ್ಡಾ ಎಂಬುದು ಗಣ್ಯ ಅತಿಥಿಗಳ ಮುಂದೆ ನಡೆಸುವ ಉತ್ಸವವೂ ಆಗಿತ್ತು. ಚಲನಚಿತ್ರವೂ ಈ ವೈಭವದ ನೆರಳಿನಲ್ಲಿಯೇ ಇಲ್ಲಿನ ಕಾಡನ್ನು ಪ್ರವೇಶಿಸಿತು. ರಾಬರ್ಟ್ ಫ್ಲಾಹರ್ಟಿ ಮತ್ತು ಜೋಲ್ಟನ್ ಕೋರ್ಡಾ ನಿರ್ದೇಶಿಸಿದ, 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರದ ಹೊರಾಂಗಣ ದೃಶ್ಯಗಳು ಮೈಸೂರು ಸಂಸ್ಥಾನದಲ್ಲಿ ಚಿತ್ರಿತವಾದವು. ಕಾರಾಪುರದ ಮಾವುತ ಕುಟುಂಬದ ಬಾಲಕ ಸಾಬು ಅದರ ಮೂಲಕ ಜಗತ್ಪ್ರಸಿದ್ಧನಾದನು. ಅರಸರ ಆನೆಲಾಯವಿಲ್ಲದೆ ಆ ಚಿತ್ರ ಸಾಧ್ಯವಾಗುತ್ತಿರಲಿಲ್ಲ. ಕಾಡಿನ ಬಿಂಬವನ್ನು ಪಡೆಯುವುದಕ್ಕೂ ಅರಸೊತ್ತಿಗೆಯ ಅನುಮತಿ ಬೇಕಾಗಿದ್ದ ಕಾಲವದು.

ಇಂತಹ ಪರಂಪರೆಯಲ್ಲಿ ಹುಟ್ಟಿ, ಅದರ ದಿಕ್ಕನ್ನು ತಮ್ಮ ಮಟ್ಟಿಗೆ ಬದಲಿಸಿದವರು ಸಂಡೂರಿನ ಎಂ.ವೈ. ಘೋರ್ಪಡೆ. ಕೊಳ್ಳೇಗಾಲದಂತೆ ಸಂಡೂರು ಕೂಡ ಮದರಾಸಿನ ಮೂಲಕವೇ ಮೈಸೂರಿಗೆ ಬಂದ ಪ್ರದೇಶವೆಂಬುದು ಇಲ್ಲಿ ಸ್ಮರಣೀಯ. ಬಳ್ಳಾರಿ ಜಿಲ್ಲೆಯ ನಡುವೆ ಗುಡ್ಡಗಳಿಂದ ಆವೃತವಾಗಿದ್ದ ಈ ಪುಟ್ಟ ಮರಾಠಾ ಸಂಸ್ಥಾನ 1949ರಲ್ಲಿ ಮದರಾಸು ಪ್ರಾಂತದಲ್ಲಿ ವಿಲೀನಗೊಂಡು, 1953ರಲ್ಲಿ ಬಳ್ಳಾರಿಯೊಡನೆ ಮೈಸೂರು ರಾಜ್ಯವನ್ನು ಸೇರಿತು. ಅಲ್ಲಿನ ಕೊನೆಯ ಅರಸ ಯಶವಂತರಾವ್ ಹಿಂದೂರಾವ್ ಘೋರ್ಪಡೆಯವರು 1932ರಲ್ಲಿ ಕುಮಾರಸ್ವಾಮಿ ದೇವಾಲಯವನ್ನು ದಲಿತರಿಗೆ ತೆರೆದರು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಭೇಟಿಯಿತ್ತರು. ಮುರಾರಿರಾವ್ ಯಶವಂತರಾವ್ ಘೋರ್ಪಡೆ ಜನಿಸಿದ್ದು 1931ರ ಡಿಸೆಂಬರ್ 7ರಂದು. ಹೀಗೆ ಬಾಗಿಲು ತೆರೆಯುವ ಮಾತು ಅವರ ಬಾಲ್ಯದ ಪರಿಸರದಲ್ಲಿಯೇ ಇದ್ದಿತು.

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಅಭ್ಯಸಿಸಿ ಹಿಂದಿರುಗಿದ ಅವರು ಸಂಡೂರು ಕ್ಷೇತ್ರದಿಂದ ಹಲವು ಬಾರಿ ವಿಧಾನಸಭೆಗೆ ಆಯ್ಕೆಯಾದರು. ಸಿಂಹಾಸನದ ಬದಲು ಮತಪೆಟ್ಟಿಗೆಯ ಮುಂದೆ ನಿಲ್ಲಬೇಕಾದ ತಲೆಮಾರು ಅದು. ದೇವರಾಜ ಅರಸು ಅವರ ಸಂಪುಟದಲ್ಲಿ ಅರ್ಥಸಚಿವರಾಗಿ 1972ರಿಂದ, ಎಸ್.ಎಂ. ಕೃಷ್ಣ ಅವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿ 1999ರಿಂದ ಅವರು ಕಾರ್ಯನಿರ್ವಹಿಸಿದರು. ಅವರು ಮೊದಲು ಸಚಿವರಾದ 1972ರಲ್ಲಿಯೇ ವನ್ಯಜೀವಿ ಸಂರಕ್ಷಣಾ ಕಾಯಿದೆ ರೂಪುಗೊಂಡಿತು. ಮರುವರ್ಷ ಹುಲಿ ಯೋಜನೆ ಆರಂಭವಾಗಿ ಬಂಡೀಪುರ ಅದರ ಮೊದಲ ತಾಣಗಳಲ್ಲಿ ಒಂದಾಯಿತು. ಅರಸರಿಗೆ ವಂಶಪಾರಂಪರ್ಯವಾಗಿ ದತ್ತವಾಗಿದ್ದ ಶಿಕಾರಿಯ ಹಕ್ಕು ಕಾನೂನಿನ ಮೂಲಕ ಕೊನೆಗೊಂಡ ಘಟ್ಟವದು.

ಬೇಟೆಗೂ ಛಾಯಾಗ್ರಹಣಕ್ಕೂ ಮೇಲುನೋಟದ ಸಾಮ್ಯಗಳು ಹಲವು. ಎರಡಕ್ಕೂ ಹೆಜ್ಜೆಗುರುತು ಓದಬಲ್ಲ ಸಂಗಡಿಗ ಬೇಕು, ಗಾಳಿಯ ದಿಕ್ಕು ತಿಳಿದಿರಬೇಕು, ಗುರಿ ತಪ್ಪಬಾರದು. ಆದರೆ ರಾಜಬೇಟೆಯಲ್ಲಿ ನೂರಾರು ಜನ ತಮಟೆ ಬಾರಿಸಿ ಪ್ರಾಣಿಯನ್ನು ಅಟ್ಟಣೆಯತ್ತ ಅಟ್ಟುತ್ತಿದ್ದರು. ಪ್ರಾಣಿ ಬೇಟೆಗಾರನಿದ್ದಲ್ಲಿಗೆ ಬರಬೇಕಿತ್ತು. ಕ್ಯಾಮೆರಾ ಹಿಡಿದವನು ನೀರಿನ ತಾಣದ ಬಳಿ ಮರೆಯಲ್ಲಿ ಸದ್ದಿಲ್ಲದೆ ಕಾಯಬೇಕು. ಪ್ರಾಣಿ ತನ್ನಷ್ಟಕ್ಕೆ ತಾನಿದ್ದಾಗಲೇ ಚಿತ್ರಕ್ಕೆ ಬೆಲೆ. ಒಂದು ಸುರುಳಿಗೆ 36 ಚಿತ್ರಗಳ ಮಿತಿಯಿದ್ದ, ಫಿಲ್ಮಿನ ಗ್ರಹಣಶಕ್ತಿ ಅಲ್ಪವಾಗಿದ್ದ ಆ ಕಾಲದಲ್ಲಿ ಮುಂಜಾನೆ ಮತ್ತು ಇಳಿಹೊತ್ತಿನ ಬೆಳಕನ್ನು ಅರಿಯುವುದೇ ದೊಡ್ಡ ವಿದ್ಯೆ. 1983ರಲ್ಲಿ ಲಂಡನ್ನಿನ ಗೊಲ್ಲಾಂಜ್ ಸಂಸ್ಥೆ ಪ್ರಕಟಿಸಿದ ಘೋರ್ಪಡೆಯವರ ಕೃತಿಗೆ ‘ಸನ್‌ಲೈಟ್ ಅಂಡ್ ಶ್ಯಾಡೋಸ್’, ಅಂದರೆ ಬಿಸಿಲು ನೆರಳು, ಎಂಬ ಹೆಸರಿರುವುದು ಅರ್ಥಪೂರ್ಣ. ವನ್ಯಜೀವಿ ಛಾಯಾಗ್ರಾಹಕನೊಬ್ಬನ ದಿನಚರಿ ಎಂದೇ ಅದು ತನ್ನನ್ನು ಕರೆದುಕೊಂಡಿತು. ಬೇಟೆಗಾರನ ದಿನಚರಿಯಲ್ಲಿ ಕೊಂದ ಪ್ರಾಣಿಯ ಅಳತೆ ದಾಖಲಾಗುತ್ತಿದ್ದ ಜಾಗದಲ್ಲಿ ಇಲ್ಲಿ ಜೀವಂತ ಪ್ರಾಣಿಯ ಕ್ಷಣ ಬಂದು ಕುಳಿತಿತು. ಅದೇ ವರ್ಷ ಅಂತಾರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟವಾದ ಫಿಯಾಪ್ ಅವರಿಗೆ ಮಾಸ್ಟರ್ ಪದವಿಯನ್ನಿತ್ತು ಗೌರವಿಸಿತು. ಹಂಪೆಯ ಶಿಲ್ಪವೈಭವವೂ ಅವರ ಇನ್ನೊಂದು ಚಿತ್ರಸಂಪುಟದ ವಸ್ತುವಾಯಿತು.

ಈ ಸಾಧನೆಯನ್ನು ಅರಸುಮಗನ ಹವ್ಯಾಸವೆಂದು ಬದಿಗಿಡುವುದು ಸರಿಯಲ್ಲ. ಅದರ ಹಿಂದಿದ್ದ ಅನುಕೂಲಗಳನ್ನು ಮರೆಯುವುದೂ ಸರಿಯಲ್ಲ. ವಿದೇಶಿ ಮಸೂರ, ವಾಹನ, ಬಿಡುವು, ಕಾಡಿನ ಪ್ರವೇಶ ಇವೆಲ್ಲ ಅಂದು ದುಬಾರಿ. ಅದೇ ಕಾಲದಲ್ಲಿ ಓ.ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನ ಪಡೆದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದವರು ಅರಮನೆಯ ಹಿನ್ನೆಲೆಯಿಲ್ಲದೆಯೇ ಬೆಂಗಳೂರಿನಲ್ಲಿ ಈ ಕಲೆಯ ಬಲವಾದ ಪರಂಪರೆಯೊಂದನ್ನು ಕಟ್ಟಿದರು. ರಾಜಮನೆತನದ ವ್ಯಕ್ತಿಯೂ ಮಧ್ಯಮವರ್ಗದ ಹವ್ಯಾಸಿಗಳೂ ಒಂದೇ ಬಗೆಯ ಸ್ಪರ್ಧೆಗಳಲ್ಲಿ, ಒಂದೇ ಅಳತೆಗೋಲಿನಿಂದ ಪರೀಕ್ಷೆಗೊಳಗಾದದ್ದು ಛಾಯಾಗ್ರಹಣ ತಂದ ನಿಜವಾದ ಸಮಾನತೆ. ಹುಲಿಯ ಚರ್ಮ ಅರಮನೆಯ ಗೋಡೆಗೆ ಸೇರಿದ್ದು. ಅಚ್ಚಾದ ಹುಲಿಯ ಚಿತ್ರವಾದರೋ ಓದುಗರೆಲ್ಲರದು.

ಘೋರ್ಪಡೆಯವರ ಬದುಕಿನ ಇನ್ನೊಂದು ಮಗ್ಗುಲನ್ನು ಗಮನಿಸದೆ ಈ ಚಿತ್ರ ಪೂರ್ಣವಾಗದು. ಸಂಡೂರಿನ ಗುಡ್ಡಗಳು ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಗಣಿಗಳೂ ಹೌದು. ಅವರ ಮನೆತನವೇ ಸ್ಥಾಪಿಸಿದ ಗಣಿ ಸಂಸ್ಥೆ 1954ರಿಂದ ಅಲ್ಲಿ ಕಾರ್ಯನಿರತವಾಗಿದೆ. ಕಾಡನ್ನು ಚಿತ್ರವಾಗಿ ಕಾಯ್ದಿಟ್ಟ ಮನೆತನಕ್ಕೆ ಅದಿರಿನ ಬೆಟ್ಟವೇ ಜೀವನಾಧಾರವಾಗಿದ್ದುದು ಕೇವಲ ಒಬ್ಬ ವ್ಯಕ್ತಿಯ ವಿರೋಧಾಭಾಸವಲ್ಲ. ಸ್ವಾತಂತ್ರ್ಯೋತ್ತರ ಬಳ್ಳಾರಿಯ ಇತಿಹಾಸವೇ ಈ ಎರಡರ ನಡುವಣ ಸೆಣಸಾಟ. ಒಂದೆಡೆ 1994ರಲ್ಲಿ ದರೋಜಿ ಕರಡಿಧಾಮ ಅಸ್ತಿತ್ವಕ್ಕೆ ಬಂದಿತು. ಇನ್ನೊಂದೆಡೆ ಜಿಲ್ಲೆಯ ಗಣಿಗಾರಿಕೆ ಮಿತಿಮೀರಿ, 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಸಲ್ಲಿಕೆಯಾಗಿ, ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಘೋರ್ಪಡೆಯವರು ನಿಧನರಾದದ್ದು ಅದೇ ವರ್ಷದ ಅಕ್ಟೋಬರ್ 29ರಂದು.

ಚೌಕಟ್ಟಿನ ಹೊರಗೆ ಉಳಿದವರ ಪ್ರಶ್ನೆಯನ್ನು ಮತ್ತೆ ಮುಂದಿಡುವುದು ದಕ್ಷಿಣದ ಆ ಮೂರು ತಾಲ್ಲೂಕುಗಳ ಅರಣ್ಯ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದಾಗ ಅನೇಕ ಸೋಲಿಗರು ತಮ್ಮ ಮೂಲ ಪೋಡುಗಳನ್ನು ಬಿಡಬೇಕಾಯಿತು. ಖೆಡ್ಡಾ ನಡೆಸಿದವರ, ಬೇಟೆಗಾರರ, ಮುಂದೆ ಛಾಯಾಗ್ರಾಹಕರ ಹೆಸರುಗಳು ಪುಸ್ತಕಗಳಲ್ಲಿ ಉಳಿದುವು. ಹೆಜ್ಜೆಗುರುತು ತೋರಿಸಿದವರ ಹೆಸರುಗಳು ಅಪರೂಪಕ್ಕೂ ಉಳಿಯಲಿಲ್ಲ. 2011ರಲ್ಲಿ, ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ ವರ್ಷದಲ್ಲಿಯೇ, ಅಲ್ಲಿನ ಸೋಲಿಗ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಗಳು ಮಾನ್ಯವಾದವು. ಕಾಡಿನ ಮೇಲಿನ ಅಧಿಕಾರ ಕೋವಿ ಹಿಡಿದವರಿಂದ ಕಾನೂನಿಗೆ, ಕಾನೂನಿನಿಂದ ಅಲ್ಲಿ ವಾಸಿಸುವವರಿಗೆ ಸರಿಯುತ್ತಿರುವ ದೀರ್ಘ ಪಯಣದಲ್ಲಿ ಇದೊಂದು ಮುಖ್ಯ ಹೆಜ್ಜೆ.

ಎಂ.ವೈ. ಘೋರ್ಪಡೆಯವರ ಸ್ಥಾನ ಈ ಪಯಣದ ಮಧ್ಯಘಟ್ಟದಲ್ಲಿದೆ. ವಂಶದಿಂದ ದೊರೆತ ಪ್ರವೇಶವನ್ನು ಅವರು ಕೊಲ್ಲುವುದಕ್ಕೆ ಬಳಸದೆ ಕಾಣಿಸುವುದಕ್ಕೆ ಬಳಸಿದರು. ತಾವು ಕಂಡುದನ್ನು ಅರಮನೆಯಲ್ಲಿ ಮುಚ್ಚಿಡದೆ ಪ್ರಕಟಿಸಿದರು. ಕಾಡಿನವರ ಕಣ್ಣಿನಿಂದ ಕಾಡನ್ನು ಕಾಣಿಸುವ ಕೆಲಸ ಮುಂದಿನವರಿಗೆ ಉಳಿದಿದೆ. ಆದರೆ ನೋಡುವ ಹಕ್ಕು ಎಲ್ಲರದೂ ಆಗಬಲ್ಲುದೆಂಬ ಅರಿವು ಕನ್ನಡ ನಾಡಿನ ಅರಸುಮನೆತನವೊಂದರೊಳಗಿಂದಲೇ ಮೂಡಿತೆಂಬುದು ಅವರ ಚಿತ್ರಗಳು ಉಳಿಸಿಹೋದ ಸಾಕ್ಷ್ಯ.