ಕಳಸದಲ್ಲಿ ಹುಟ್ಟಿ ಹಡಗೇರಿದವನು

ಕಳಸ ಎಂದರೆ ಮೂಡಿಗೆರೆ ಕಡೆಯವರಿಗೆ ಊರು, ಬಯಲುಸೀಮೆಯವರಿಗೆ ಗುಡಿಯ ತುದಿ, ಮದುವೆಮನೆಯ ಹೆಂಗಸರಿಗೆ ಮದುಮಗಳ ಪಕ್ಕ ನಿಲ್ಲುವ ಕಳಸಗಿತ್ತಿಯ ಕೈಯ ಚೊಂಬು, ಕರಾವಳಿಯ ಹಳೇ ತಲೆಗಳಿಗೆ ಕಳಸೆಯಾಗಿ ಅಕ್ಕಿಯ ಅಳತೆ. ಕೆಲಸ ಚೆನ್ನಾಗಿ ಮುಗಿದರೆ ಕಳಸವಿಟ್ಟಂತಾಯಿತು ಎನ್ನುತ್ತೇವೆ. ವ್ರತ ಮುಗಿದರೆ ಕಳಸ ಕದಲಿಸುತ್ತೇವೆ. ಇಷ್ಟೆಲ್ಲ ಮೈತುಂಬಿಕೊಂಡ ಪದ ಮೂಲದಲ್ಲಿ ಬರಿಯ ಪಾತ್ರೆ, ಋಗ್ವೇದದಲ್ಲಿ ಸೋಮರಸ ಸೋಸಿ ಇಳಿಯುತ್ತಿದ್ದ ಕಲಶ.

ಕಲಶ, ಕಳಶ, ಕಳಸ ಎಂಬ ಮೂರು ಮೆಟ್ಟಿಲುಗಳನ್ನು ನಮ್ಮವರು ಇಳಿದರಷ್ಟೇ, ಮೇಲಿನದನ್ನು ಬಿಟ್ಟುಕೊಡಲಿಲ್ಲ. ಸಂಸ್ಕೃತದ ಲಕಾರ ಕನ್ನಡದ ಬಾಯಲ್ಲಿ ಳಕಾರವಾಗುವುದನ್ನು ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಕ್ಷಳವೆಂದು ಕರೆದು, ನಮ್ಮದೇ ಆದ ಕುಳದಿಂದಲೂ ಈಗ ಕಳೆದುಹೋಗಿರುವ ರಳದಿಂದಲೂ ಬೇರೆ ಮಾಡಿ ತೋರಿಸಿದ. ಶಕಾರ ಸಕಾರವಾಗುವುದಂತೂ ಅವನ ಅಪಭ್ರಂಶ ಪ್ರಕರಣದ ನಿತ್ಯದ ಮಾತು. ಪುರೋಹಿತರ ಬಾಯಲ್ಲಿ ಇಂದಿಗೂ ಕಲಶಸ್ಥಾಪನೆ, ಬ್ರಹ್ಮಕಲಶೋತ್ಸವ, ಕವಿಗಳಿಗೆ ಕಳಶ, ಮನೆಮಾತಿಗೆ ಕಳಸ. ಈಚಿನವರೆಗೂ ಮೂಡಿಗೆರೆ ತಾಲ್ಲೂಕಿನೊಳಗಿದ್ದು ಈಗ ತಾನೇ ತಾಲ್ಲೂಕಾಗಿರುವ ನಮ್ಮ ಮಲೆನಾಡಿನ ಊರಲ್ಲಿ ಇದರ ಸೊಗಸು ಕಣ್ಣಿಗೇ ಕಾಣುತ್ತದೆ: ಊರು ಕಳಸ, ಊರದೇವರು ಕಲಶೇಶ್ವರ. ಒಂದೇ ಪದ, ದೇವರಿಗೆ ತತ್ಸಮ, ಜನರಿಗೆ ತದ್ಭವ.

ಕಲಶದ ಜೊತೆಗಾರ ಪದ ದ್ರೋಣ. ಸೋಮಯಾಗದ ದೊಡ್ಡ ಮರದ ಪಾತ್ರೆಗೆ ದ್ರೋಣಕಲಶವೆಂದೇ ಹೆಸರು. ಶಾರ್ಙ್ಗಧರನ ವೈದ್ಯಗ್ರಂಥ ಅಳತೆಗಳನ್ನು ಹೇಳುವಾಗ ದ್ರೋಣಕ್ಕೆ ಪರ್ಯಾಯವಾಗಿ ಕಲಶವನ್ನೂ ಘಟವನ್ನೂ ಕೊಡುತ್ತದೆ. ಆ ಅಳತೆಯ ನೆನಪೇ ಘಟ್ಟದ ಕೆಳಗೆ ಕಳಸೆ, ಕಳಸಿಗೆ ಎಂದು ಉಳಿದಿರಬೇಕು, ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಅಕ್ಕಿ. ದ್ರು ಎಂದರೆ ಮರ. ಮರ ಕೊರೆದು ಮಾಡಿದ್ದು ದ್ರೋಣ. ಹೆಣ್ಣಾದರೆ ದ್ರೋಣಿ, ಅದೇ ನಮ್ಮ ದೋಣಿ. ದೋಣಿ ಎಂದರೆ ಹೊಳೆ ದಾಟಿಸುವುದು ಮಾತ್ರವೇ? ಕೊಟ್ಟಿಗೆಯ ಮುಂದೆ ದನಕ್ಕೆ ನೀರು ತುಂಬಿಡುವ ಕಲ್ಲೂ ದೋಣಿಯೇ, ಬೆಟ್ಟದ ಬಂಡೆಯಲ್ಲಿ ಮಳೆನೀರು ನಿಲ್ಲುವ ಗುಂಡಿ ದೊಣೆ, ಊಟದ ಪಂಕ್ತಿಯಲ್ಲಿ ಪಾಯಸ ಹಿಡಿಯುವ ಎಲೆಯ ಬಟ್ಟಲು ದೊನ್ನೆ. ನೀರನ್ನು ಒಳಗಿಟ್ಟುಕೊಳ್ಳುವುದೂ ನೀರಿನಿಂದ ಹೊರಗಿರಿಸುವುದೂ ಒಂದೇ ಮರದ ತೊಟ್ಟಿಯ ಕೆಲಸವಾದ್ದರಿಂದ ಭಾಷೆಗೆ ಎರಡು ಹೆಸರು ಬೇಕಾಗಲಿಲ್ಲ. ಇದೇ ದ್ರು ಗ್ರೀಕಿನಲ್ಲಿ ದ್ರೂಸ್ ಎಂದರೆ ಓಕ್ ಮರ, ದೋರು ಎಂದರೆ ತೊಲೆ, ಈಟಿ, ಕಾವ್ಯದಲ್ಲಿ ಹಡಗು ಕೂಡ. ಚಿನ್ನದ ತುಪ್ಪಟದ ಚರ್ಮವನ್ನು ತರಲು ಯಾಸೋನ್ ಎಂಬ ವೀರ ಕೊಲ್ಖಿಸ್‌ಗೆ ಹೊರಟ ಆರ್ಗೋ ಹಡಗಿನಲ್ಲಿ ದೊದೋನಾ ಕ್ಷೇತ್ರದ ಓಕ್ ಮರದ ತೊಲೆಯೊಂದಿತ್ತೆಂದೂ ಅದು ಮಾತಾಡುತ್ತಿತ್ತೆಂದೂ ಕಥೆ. ದ್ರೋಣದಲ್ಲಿ ಹುಟ್ಟಿ ಬಿಲ್ವಿದ್ಯೆ ಕಲಿಸಿದ ನಮ್ಮ ಆಚಾರ್ಯರಿಗೂ ಮಾತಾಡುವ ಆ ತೊಲೆಗೂ ಧಾತುವಿನ ಮಟ್ಟದಲ್ಲಿ ಸೋದರಿಕೆ ಉಂಟು ಎಂಬುದು ಪದ ಹುಡುಕುವವರಿಗೆ ಮಾತ್ರ ಸಿಗುವ ಸುಖ.

ಕಳಶಜ ಎಂದರೆ ಕುಮಾರವ್ಯಾಸನನ್ನು ಓದಿದವರಿಗೆ ಒಡನೆ ದ್ರೋಣ ನೆನಪಾಗುತ್ತಾನೆ. ಗಮಕಿಗಳ ದನಿಯಲ್ಲಿ ಆ ಹೆಸರು ಅವನಿಗೇ ಅಂಟಿಕೊಂಡಿದೆ. ಆದರೆ ಹಳೆಯ ಹಕ್ಕುದಾರ ಅಗಸ್ತ್ಯ. ಮಿತ್ರಾವರುಣರ ತೇಜಸ್ಸು ಕುಂಭದಲ್ಲಿ ಬಿದ್ದು ಅವನೂ ವಸಿಷ್ಠನೂ ಹುಟ್ಟಿದರೆಂಬ ಸುದ್ದಿ ಋಗ್ವೇದದಷ್ಟು ಹಿಂದಿನದು. ಅದರಿಂದ ಕುಂಭಜ, ಕುಂಭಯೋನಿ, ಘಟಜ, ಕಲಶೋದ್ಭವ ಎಂದು ಹೆಸರುಗಳ ಸಾಲೇ ಬೆಳೆಯಿತು. ಕಳಸದ ಸ್ಥಳಪುರಾಣ ಈ ಹಕ್ಕನ್ನು ಅವನಿಗೇ ಮರಳಿ ಕೊಟ್ಟಿದೆ. ಶಿವಪಾರ್ವತಿಯರ ಮದುವೆಗೆ ದೇವತೆಗಳೆಲ್ಲ ಹಿಮಾಲಯಕ್ಕೆ ನೆರೆದು ಭೂಮಿ ಉತ್ತರಕ್ಕೆ ವಾಲಿದಾಗ ಸರಿತೂಗಿಸಲು ತೆಂಕಣಕ್ಕೆ ಬಂದ ಋಷಿಗೆ ಇಲ್ಲೇ, ಈ ಭದ್ರಾತೀರದಲ್ಲೇ, ಆ ಮದುವೆ ಕಾಣಿಸಿತು. ಅವನ ಕಲಶದಿಂದಲೇ ಲಿಂಗ ಉದ್ಭವಿಸಿತು. ಕಲಶೇಶ್ವರನ ಗಿರಿಜಾಕಲ್ಯಾಣಕ್ಕೆ ಈ ಕಥೆಯೇ ಆಧಾರ. ಹತ್ತಿರದ ಹೊರನಾಡಿನ ಅನ್ನಪೂರ್ಣೆಯನ್ನು ಪ್ರತಿಷ್ಠಾಪಿಸಿದವನೂ ಅಗಸ್ತ್ಯನೆಂದೇ ನಂಬಿಕೆ. ಊರಿನ ಪಂಚತೀರ್ಥಗಳಲ್ಲಿ ವಸಿಷ್ಠತೀರ್ಥವೂ ಇರುವುದರಿಂದ ಒಂದೇ ಕೊಡದ ಅಣ್ಣತಮ್ಮಂದಿರಿಬ್ಬರಿಗೂ ಒಂದೇ ಹೊಳೆಯಲ್ಲಿ ಪಾಲು ಸಿಕ್ಕಂತಾಯಿತು.

ಅಗಸ್ತ್ಯ ನೆಲದ ಮೇಲೆ ಮಾತ್ರ ನಿಂತವನಲ್ಲ. ದೈತ್ಯರು ಅಡಗಿದ್ದ ಕಡಲನ್ನೇ ಆಪೋಶನ ತೆಗೆದುಕೊಂಡ ಮೇಲೆ ಬಾನಿಗೇರಿ ತೆಂಕಣ ದಿಕ್ಕಿನ ನಕ್ಷತ್ರವಾದ. ರಾತ್ರಿಯ ಆಕಾಶದಲ್ಲಿ ಲುಬ್ಧಕವನ್ನು ಬಿಟ್ಟರೆ ಅತಿ ಪ್ರಕಾಶದ ಚುಕ್ಕಿ ಅದೇ. ಮಳೆಗಾಲದಲ್ಲಿ ಕದಡಿದ ನೀರು ಕುಂಭಯೋನಿಯ ಉದಯದೊಂದಿಗೆ ತಿಳಿಯಾಗುತ್ತದೆಂದು ರಘುವಂಶದಲ್ಲಿ ಕಾಳಿದಾಸ ಹೇಳುತ್ತಾನೆ. ಕಡಲು ಕುಡಿದವನಿಗೆ ಹೊಳೆ ತಿಳಿ ಮಾಡುವುದು ಯಾವ ದೊಡ್ಡ ಕೆಲಸ! ಆದರೆ ಈ ಮಾತು ಉಜ್ಜಯಿನಿಗೆ ಸರಿ. ಅಗಸ್ತ್ಯೋದಯ ಊರಿಂದೂರಿಗೆ ಬೇರೆ ಎಂದು ವರಾಹಮಿಹಿರ ಎಚ್ಚರಿಸಿದ್ದಾನೆ. ತೆಂಕಣಕ್ಕೆ ಬಂದಷ್ಟೂ ಅದು ಬೇಗ. ಕಳಸದ ಅಕ್ಷಾಂಶದಲ್ಲಿ ಆಗಸ್ಟ್ ಮೊದಲಲ್ಲೇ ನಸುಕಿನಲ್ಲಿ ಅಗಸ್ತ್ಯ ಮೂಡಿರುತ್ತಾನೆ, ನೋಡುವವರಾರು? ಆಗ ಭದ್ರೆ ಕೆಮ್ಮಣ್ಣಿನ ಬಣ್ಣದಲ್ಲಿ ಹೆಬ್ಬಾಳೆ ಸೇತುವೆಯ ಮೇಲೆ ಹರಿಯುತ್ತಿರುತ್ತಾಳೆ, ಹೊರನಾಡಿನ ದಾರಿ ಕಟ್ಟಿರುತ್ತದೆ, ತೋಟದವರು ಅಡಕೆಗೆ ಬೋರ್ಡೋ ಹೊಡೆಯಲು ಒಂದು ದಿನದ ಹೊಳವು ಸಿಕ್ಕೀತೇ ಎಂದು ಮೋಡ ನೋಡುತ್ತಿರುತ್ತಾರೆ. ನಕ್ಷತ್ರ ಮೋಡದ ಹಿಂದೆ ವಾರಗಟ್ಟಲೆ ಕಾದು, ಮಳೆ ಹೊಳವಾದ ಮೇಲೆ ಮುಖ ತೋರಿಸುತ್ತದೆ. ಚೆನ್ನಾಗಿ ನೋಡಬೇಕೆಂದರೆ ಕಾಫಿ ಕುಯ್ಲು ಮುಗಿದು ಹೂಮಳೆಗೆ ಕಾಯುವ ಫೆಬ್ರವರಿಯೇ ಸರಿ. ರಾತ್ರಿ ಒಂಬತ್ತರ ಸುಮಾರಿಗೆ ದಕ್ಷಿಣ ದಿಕ್ಕಿನಲ್ಲಿ, ದಿಗಂತದಿಂದ 24 ಡಿಗ್ರಿಯಷ್ಟು ಮೇಲೆ, ಗುಡ್ಡದ ಏಣು ತಗ್ಗಿದ್ದರೆ ನಿಚ್ಚಳವಾಗಿ ಕಾಣುತ್ತದೆ.

ಈ ಚುಕ್ಕಿಯೇ ಗ್ರೀಕರ ಕನೋಬೋಸ್, ಲ್ಯಾಟಿನಿನಲ್ಲಿ ಕೆನೋಪಸ್. ಟಾಲೆಮಿಯ ನಕ್ಷತ್ರಪಟ್ಟಿಯಲ್ಲಿ ಇದರ ಜಾಗ ಯಾವುದು ಗೊತ್ತೇ? ಆರ್ಗೋ ಹಡಗಿನ ಚುಕ್ಕಾಣಿ ಹುಟ್ಟಿನ ಮೇಲೆ! ಯಾಸೋನನ ಯಾತ್ರೆ ಮುಗಿದ ಮೇಲೆ ದೇವತೆಗಳು ಆ ಹಡಗನ್ನೇ ಬಾನಿಗೇರಿಸಿದರೆಂದು ಕಥೆ. ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚ್ ಖಗೋಳಜ್ಞ ಲಕಾಯ್ ಅತಿ ದೊಡ್ಡದಾಯಿತೆಂದು ಆ ನಕ್ಷತ್ರಪುಂಜವನ್ನು ಅಡಿಮರ, ಹಿಂಬದಿ, ಹಾಯಿ ಎಂದು ಒಡೆದು ಹಂಚಿದ; ಅಗಸ್ತ್ಯ ಅಡಿಮರಕ್ಕೆ ಬಿದ್ದ. ನಮ್ಮ ಕಲಶೋದ್ಭವನನ್ನು ಹೀಗೆ ಪರದೇಶದವರು ನಾವೆ ಹತ್ತಿಸಿದರು. ಹೇಗೂ ನಾವೆ ಎಂಬುದು ಗ್ರೀಕಿನ ನೌಸ್ ಪದದ ಒಡಹುಟ್ಟು, ಬಂಧುಗಳ ಹಡಗಿನಲ್ಲೇ ಕೂತಿದ್ದಾನೆ ಎಂದು ಸಮಾಧಾನ ಪಡೋಣ.

ಬೆರಗಿನ ಸಂಗತಿ ಬೇರೆ ಇದೆ. ಕಡಲ ವೀರರ ಆ ನಾಡಿನ ನಡುವೆ, ಅಥೆನ್ಸಿನಲ್ಲಿ, ಈ ಚುಕ್ಕಿ ಕಾಣುವುದೇ ಇಲ್ಲ. ರೋಡ್ಸ್ ದ್ವೀಪದಲ್ಲಿ ದಿಗಂತಕ್ಕೆ ಮೈ ಸವರಿ ಮರೆಯಾಗುತ್ತದೆ. ಈಜಿಪ್ತಿನ ಅಲೆಕ್ಸಾಂಡ್ರಿಯಾದಲ್ಲಿ ಆರು ಡಿಗ್ರಿಯಷ್ಟು ಏರುತ್ತದೆ. ಆ ಎರಡೂರುಗಳ ಅಂತರವನ್ನೇ ಹಿಡಿದು ಪೊಸಿಡೋನಿಯಸ್ ಎಂಬಾತ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ಆರ್ಗೋ ಯಾತ್ರೆಯನ್ನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಮಹಾಕಾವ್ಯವಾಗಿ ಬರೆದ ಅಪೊಲ್ಲೋನಿಯಸ್ ರೋಡ್ಸಿನವನೆಂದು ಹೆಸರಾಗಿ ಅಲೆಕ್ಸಾಂಡ್ರಿಯಾದ ಗ್ರಂಥಾಲಯ ನೋಡಿಕೊಂಡವನು, ಅಂದರೆ ಚುಕ್ಕಿ ಕಾಣುವ ಎರಡೂ ಊರುಗಳ ನಂಟಿನವನು. ಕನೋಬೋಸ್ ಎಂಬ ಬೇರೊಂದು ಕಾವ್ಯವನ್ನೂ ಅವನು ಬರೆದಿದ್ದ, ಈಗ ಉಳಿದಿರುವುದು ಚೂರುಪಾರು. ಆ ಕನೋಬೋಸ್ ಯಾರೆಂದರೆ, ಟ್ರಾಯ್ ಯುದ್ಧ ಮುಗಿಸಿ ಮನೆಗೆ ಹೊರಟ ಮೆನೆಲಾವುಸನ ಹಡಗಿನ ಚುಕ್ಕಾಣಿಗ, ನೈಲ್ ನದಿಯ ಮುಖದಲ್ಲಿ ಹಾವು ಕಚ್ಚಿ ಸತ್ತವನು. ಅಲ್ಲಿನ ಊರಿಗೂ ಬಾನಿನ ಚುಕ್ಕಿಗೂ ಅವನದೇ ಹೆಸರು.

ಇನ್ನು ಕೇಳಿ. ಆ ಊರಿನಲ್ಲಿ ಪೂಜೆಗೊಳ್ಳುತ್ತಿದ್ದ ಮೂರ್ತಿ ಮನುಷ್ಯನ ತಲೆಯುಳ್ಳ ಒಂದು ಕೊಡ! ಅದಕ್ಕೊಂದು ಕಥೆಯನ್ನು ರೂಫಿನಸ್ ಎಂಬ ಚರಿತ್ರಕಾರ ಬರೆದಿಟ್ಟಿದ್ದಾನೆ. ಕಾಲ್ದಿಯದವರು ತಮ್ಮ ಅಗ್ನಿದೇವರನ್ನು ಹೊತ್ತು ಊರೂರು ತಿರುಗಿ ಮಿಕ್ಕ ದೇವರುಗಳನ್ನೆಲ್ಲ ಸುಟ್ಟು ಗೆಲ್ಲುತ್ತಿದ್ದರಂತೆ. ಕೆನೋಪಸ್ಸಿನ ಅರ್ಚಕ ಜಾಣ. ನೀರು ಸೋಸುವ ತೂತಿನ ಮಣ್ಣಿನ ಕೊಡವೊಂದನ್ನು ತಂದು, ತೂತುಗಳಿಗೆ ಮೇಣ ಮೆತ್ತಿ, ಬಣ್ಣ ಬಳಿದು, ಒಳಗೆ ನೀರು ತುಂಬಿ, ಮೇಲೆ ಆ ಚುಕ್ಕಾಣಿಗನದೆನ್ನುವ ಹಳೆಯ ವಿಗ್ರಹದ ತಲೆಯನ್ನು ಕೂರಿಸಿದ. ಬೆಂಕಿ ತಾಗಿತು, ಮೇಣ ಕರಗಿತು, ನೀರು ಧುಮುಕಿ ಅಗ್ನಿದೇವರು ಆರಿಹೋದರು. ನಮ್ಮಲ್ಲಿ ಕೊಡದಲ್ಲಿ ಹುಟ್ಟಿದವನು ಗ್ರೀಕರ ಬಾನಿನಲ್ಲಿ ಚುಕ್ಕಾಣಿಯಾದ. ಅವರ ಚುಕ್ಕಾಣಿಗ ಈಜಿಪ್ತಿನ ನೆಲದಲ್ಲಿ ಕೊಡವಾದ.

ಇಲ್ಲೊಂದು ಮಾತು. ಇಂಥ ಹೊಂದಿಕೆ ಕಂಡೊಡನೆ ಸಂಬಂಧ ಕಟ್ಟಲು ಕೈ ತುರಿಸುತ್ತದೆ, ತಡೆದುಕೊಳ್ಳಬೇಕು. ಅಗಸ್ತ್ಯನಿಗೂ ಕನೋಬೋಸನಿಗೂ ಕೊಟ್ಟುಕೊಂಡ ಲೆಕ್ಕವೇನೂ ಇಲ್ಲ. ಕೊಡಕ್ಕೆ ಕತ್ತಿದೆ, ಹೊಟ್ಟೆಯಿದೆ. ಮೇಲೊಂದು ತಲೆ ಇಡಬೇಕೆಂದು ಯಾವ ನಾಡಿನವನಿಗೂ ತೋಚುತ್ತದೆ. ಫ್ರೆಂಚರು ತಲೆಗೆ ತೇತ್ ಎನ್ನುತ್ತಾರೆ. ಅದು ಲ್ಯಾಟಿನಿನಲ್ಲಿ ಮಡಕೆ. ದೇಹವನ್ನೇ ದೇಗುಲ ಮಾಡಿದ ಬಸವಣ್ಣ ತಲೆಗೆ ಕೊಟ್ಟದ್ದು ಕಳಸದ ಪಟ್ಟವನ್ನು. ಶ್ರಾವಣದ ಶುಕ್ರವಾರ ನಮ್ಮ ಮನೆಗಳಲ್ಲಿ ವರಮಹಾಲಕ್ಷ್ಮಿ ಕೂರುವ ಬಗೆ ನೋಡಿ: ತಾಮ್ರದ್ದೋ ಬೆಳ್ಳಿಯದೋ ಚೊಂಬು, ಒಳಗೆ ನೀರು ಇಲ್ಲವೇ ಅಕ್ಕಿ, ಬಾಯಿಗೆ ಮಾವಿನೆಲೆ, ಮೇಲೆ ಅರಿಸಿನ ಹಚ್ಚಿದ ತೆಂಗಿನಕಾಯಿ, ಕಾಯಿಗೆ ದಾರದಿಂದ ಬಿಗಿದ ಬೆಳ್ಳಿಯ ಮುಖ, ಸೀರೆ, ಮೂಗುತಿ. ಮರುದಿನ ಬೆಳಿಗ್ಗೆ ಮನೆಯ ಹಿರಿಯಳು ಚೊಂಬನ್ನು ಒಂದಿಷ್ಟು ಅಲುಗಿಸಿ ‘ಕಳಸ ಕದಲಿಸಿದೆ’ ಎನ್ನುತ್ತಾಳೆ, ವಿಸರ್ಜಿಸಿದೆ ಎನ್ನುವುದಿಲ್ಲ. ದೇವರನ್ನು ಕಳಿಸಿದೆವೆನ್ನಲು ಮನಸ್ಸು ಬಾರದ ನಾಲಿಗೆ ಹುಡುಕಿಕೊಂಡ ಕ್ರಿಯಾಪದವದು.

ಕಲಶದ ಹುಟ್ಟನ್ನು ಹುಡುಕಿದವರು ಎರಡು ದಾರಿ ಹಿಡಿದಿದ್ದಾರೆ. ಒಂದು, ಗ್ರೀಕರ ಮದ್ಯದ ಬಟ್ಟಲಾದ ಕ್ಯುಲಿಕ್ಸ್, ಲ್ಯಾಟಿನಿನ ಕಾಲಿಕ್ಸ್‌ಗಳ ಪಕ್ಕ ಅದನ್ನು ಕೂರಿಸುವುದು. ಧ್ವನಿನಿಯಮ ಪೂರಾ ಕೂಡಿಬರುವುದಿಲ್ಲ. ಇನ್ನೊಂದು, ದ್ರಾವಿಡದ ಕಲ ಎಂಬ ಪಾತ್ರೆಯ ಕಡೆ ತಿರುಗುವುದು. ನನಗೆ ರುಚಿಸುವುದು ಎರಡನೆಯದು, ರುಜುವಾತಿಗಿಂತ ಹೆಚ್ಚಾಗಿ ಅದರ ನೆರೆಹೊರೆಯ ಕಾರಣಕ್ಕೆ. ತಮಿಳಿನಲ್ಲಿ ಕಲಂ ಎಂದರೆ ಮಡಕೆಯೂ ಹೌದು, ಹಡಗೂ ಹೌದು. ತೆಲುಗಿನ ಕಲಮು ಹಡಗು. ಮರಕ್ಕಲಂ ಎಂದರೆ ಮರದ ನಾವೆ. ನಮ್ಮ ಕರಾವಳಿಯಲ್ಲಿ ಮೊಗವೀರರಿಗೆ ಮರಕಾಲ ಎಂಬ ಹೆಸರಿದೆ, ಅದನ್ನು ಈ ಮರಕ್ಕಲದೊಂದಿಗೆ ಜೋಡಿಸಿ ವಿವರಿಸುವವರೂ ಇದ್ದಾರೆ. ಕನ್ನಡ ಮಾತ್ರ ಕಲವನ್ನಾಗಲಿ ಕಳಸವನ್ನಾಗಲಿ ನೀರಿಗಿಳಿಸಲಿಲ್ಲ. ದೋಣಿಯನ್ನು ಮರದ ತೊಟ್ಟಿಯಿಂದ ಪಡೆಯಿತು, ನಾವೆಯನ್ನು ಸಂಸ್ಕೃತದಿಂದ, ಹಡಗನ್ನು ತನ್ನದೇ ಪಡಗಿನಿಂದ. ಕಳಸವನ್ನು ಕೈಗೆತ್ತಿ, ತಲೆಗೇರಿಸಿ, ಕೊನೆಗೆ ಶಿಖರದ ತುದಿಗೆ ಕೊಂಡೊಯ್ದು ಚಿನ್ನದ ನೀರು ಬಳಿದು ನಿಲ್ಲಿಸಿತು. ಪೂರ್ಣಕುಂಭದಲ್ಲಿನ ನೀರು ಅಲ್ಲಿಗೆ ಮುಟ್ಟುವಷ್ಟರಲ್ಲಿ ಬರಿಯ ಆಕಾರವಾಗಿತ್ತು. ಬೆಟ್ಟದೂರಿಗೆ ಈ ಹೆಸರು ಒಪ್ಪುವುದು ಪುರಾಣದ ಬಲದಿಂದ ಮಾತ್ರವಲ್ಲ, ಪದ ಕನ್ನಡದಲ್ಲಿ ಹಿಡಿದ ಈ ಏರುದಾರಿಯಿಂದಲೂ.

ಗ್ರೀಕರ ವೀರಯಾತ್ರೆಗೆ ವಾಪಸಾತಿ ಪ್ರಾಣ, ನೋಸ್ತೋಸ್ ಎನ್ನುತ್ತಾರೆ ಅದಕ್ಕೆ; ಯಾಸೋನ್ ತುಪ್ಪಟದೊಂದಿಗೆ ಮರಳಬೇಕು, ಒಡಿಸ್ಯೂಸ್ ಹೆಂಡತಿಯ ಮುಂದೆ ನಿಲ್ಲಬೇಕು. ಅಗಸ್ತ್ಯ ವಿಂಧ್ಯಕ್ಕೆ ‘ಬರುವವರೆಗೂ ಬಾಗಿರು’ ಎಂದು ಹೇಳಿ ಬಂದವನು ಮರಳಲೇ ಇಲ್ಲ. ಬಂಗಾಳಿಯಲ್ಲಿ ಅಗಸ್ತ್ಯಯಾತ್ರೆ ಎಂದರೆ ಮರಳಿ ಬಾರದ ಪಯಣ. ತೆಂಕಣದವರಾದ ನಮಗೆ ಅದು ಬಂದು ನೆಲೆಸಿದ್ದು, ಅಪಶಕುನದ ಮಾತೇ ಇಲ್ಲ.

ನಿಜವಾಗಿ ನಮ್ಮ ಕಡಲಿಗೆ ಬಂದ ಗ್ರೀಕರದೂ ಒಂದು ಕಥೆಯುಂಟು, ಅದೂ ಪಾತ್ರೆಯದೇ. ಈಜಿಪ್ತಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕು 1903ರಲ್ಲಿ ಅಚ್ಚಾದ, ಸುಮಾರು ಎರಡನೆಯ ಶತಮಾನದ ಪಪೈರಸ್ ಪ್ರಹಸನದಲ್ಲಿ ಭಾರತದ ಕರಾವಳಿಯ ರಾಜನೊಬ್ಬನ ಸೆರೆಯಿಂದ ಖಾರಿತಿಯೋನ್ ಎಂಬ ಗ್ರೀಕ್ ಹೆಣ್ಣನ್ನು ಅವಳ ಅಣ್ಣನ ಪರಿವಾರ ಬಿಡಿಸಿಕೊಂಡು ಹಡಗೇರುತ್ತದೆ. ರಾಜನಿಗೆ ಕಂಠಪೂರ್ತಿ ಮದ್ಯ ಕುಡಿಸುವುದೇ ಉಪಾಯ. ರಾಜನ ಕಡೆಯವರು ಆಡುವ, ಗ್ರೀಕಲ್ಲದ ಮಾತುಗಳಲ್ಲಿ 1904ರಲ್ಲಿ ಶಾಸನತಜ್ಞ ಹುಲ್ಟ್ಶ್ ಕನ್ನಡವನ್ನು ಕೇಳಿಸಿಕೊಂಡ. ಮುಂದೆ ಮಂಜೇಶ್ವರದ ಗೋವಿಂದ ಪೈಗಳೂ ಆ ಚರ್ಚೆಗೆ ಬಂದರು. ಹುಲ್ಟ್ಶ್ ಓದಿನಲ್ಲಿ ಮಧು ಇದೆ, ಪಾತ್ರಕ್ಕೆ ಎಂಬ ಚತುರ್ಥಿ ಇದೆ, ಅದಕ್ಕೆ ಸುರಿಯುವ ‘ಹಾಕಿ’ ಇದೆ. ನಮ್ಮಂಥವರಿಗೆ ಎಡವುವುದು ಈ ಹಾಕಿಯಲ್ಲೇ. ಪಾಯ್ಕು ಹಾಯ್ಕು ಆಗಿ ಹಾಕು ಆಗಲು ಪಕಾರ ಹಕಾರಕ್ಕೆ ತಿರುಗಬೇಕು, ಆ ತಿರುವು ಕನ್ನಡದಲ್ಲಿ ಕಾಣಿಸುವುದು ಹಳಗನ್ನಡದ ಕೊನೆಗಾಲಕ್ಕೆ. ಎರಡನೆಯ ಶತಮಾನದ ಕನ್ನಡಿಗನೊಬ್ಬ ಆ ಗ್ರೀಕರಿಗೆ ಬಟ್ಟಲು ತುಂಬಿಕೊಟ್ಟಿದ್ದರೆ, ಅವನು ಸುರಿದದ್ದೂ ಪಕಾರದಲ್ಲೇ, ಅವರು ಹತ್ತಿ ಹೋದದ್ದೂ ಪಡಗನ್ನೇ.