ಪೆನ್‌ಡ್ರೈವ್ ತಾನಾಗಿ ಸಾಯಲಿಲ್ಲ: ಯುಎಸ್‌ಬಿ ಪೋರ್ಟಿನ ಹಿಂದಿನ ಕಥೆ

ಇವತ್ತು ಕಥೆಗಿಂತ ಮೊದಲು ಒಂದು ತಪ್ಪೊಪ್ಪಿಗೆ.

2016. ನಾನಾಗ ಬಿ.ಕಾಂ ಓದ್ತಿದ್ದೆ. ಸಂಜೆ ಹೊತ್ತು ಕಾಲೇಜಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಒಂದಿನ ಜೂನಿಯರ್ ಒಬ್ಬಳು ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ತೆಗೆಸೋಕೆ ಬಂದಳು. ಮರುದಿನ ಬೆಳಿಗ್ಗೆ ಸಬ್ಮಿಷನ್. ಅವಳ ಪೆನ್‌ಡ್ರೈವ್ ಇಸ್ಕೊಂಡು ಕಂಪ್ಯೂಟರಿನ ಮುಂಭಾಗದ ಪೋರ್ಟಿಗೆ ಚುಚ್ಚಿದೆ. ಲೈಟ್ ಹತ್ತಲಿಲ್ಲ. ತೆಗೆದು ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ನಾನು ಏನಂದೆ ಗೊತ್ತಾ? "ಲೋಕಲ್ ಮಾಲು ತಗೊಂಡ್ರೆ ಹೀಗೇ ಆಗೋದು."

"ಬೇರೆ ಕಾಪಿ ಇಲ್ಲ" ಅಂದಳು. ಅಷ್ಟೇ ಅಂದು ಹೋದಳು.

ಆ ವಾರ ನಮ್ಮ ಅಂಗಡಿಯಲ್ಲಿ ಸತ್ತ ಮೂರನೇ ಪೆನ್‌ಡ್ರೈವ್ ಅದು. ಮೂರೂ ಬೇರೆ ಬೇರೆ ಕಂಪನಿಯವು, ಚುಚ್ಚಿದ್ದು ಮಾತ್ರ ಒಂದೇ ಕಂಪ್ಯೂಟರಿಗೆ. ಲೆಕ್ಕಶಾಸ್ತ್ರ ಓದ್ತಿದ್ದ ನನಗೆ ಈ ಸರಳ ಲೆಕ್ಕ ಹೊಳೆಯಲೇ ಇಲ್ಲ.

ಹಾಗಾದ್ರೆ ಒಂದು ಕಂಪ್ಯೂಟರ್ ತನಗೆ ಚುಚ್ಚಿದ್ದನ್ನೆಲ್ಲ ಸುಡೋದು ಹೇಗೆ? ಉತ್ತರಕ್ಕೆ ಅಲ್ಲಿಂದಲೂ ಇಪ್ಪತ್ತು ವರ್ಷ ಹಿಂದಕ್ಕೆ ಹೋಗ್ಬೇಕು.

1990ರ ದಶಕದ ಕಂಪ್ಯೂಟರಿನ ಹಿಂಭಾಗ ಒಂದು ಸಂತೆ. ಕೀಬೋರ್ಡಿಗೆ ಒಂದು ತೂತು, ಪ್ರಿಂಟರಿಗೆ ಇನ್ನೊಂದು, ಮೋಡೆಮ್‌ಗೆ ಮತ್ತೊಂದು. ಇದನ್ನೆಲ್ಲ ಒಂದೇ ಪೋರ್ಟಿಗೆ ತರೋಣ ಅಂತ ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ, ಕಾಂಪ್ಯಾಕ್ ಸೇರಿದಂತೆ ಏಳು ಕಂಪನಿಗಳು ಕೂತು ಬರೆದ ನಿಯಮವೇ ಯುಎಸ್‌ಬಿ. ಮೊದಲ ಆವೃತ್ತಿ ಬಂದಿದ್ದು 1996ರ ಜನವರಿಯಲ್ಲಿ. ಇಂಟೆಲ್‌ನಲ್ಲಿ ಈ ಕೆಲಸದ ಮುಂಚೂಣಿಯಲ್ಲಿದ್ದವರು ಅಜಯ್ ಭಟ್, ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದವರು.

ಒಳಗಿರೋದು ನಾಲ್ಕೇ ತಂತಿ. ಎರಡು ಡೇಟಾಗೆ, ಎರಡು ವಿದ್ಯುತ್ತಿಗೆ. ವಿದ್ಯುತ್ತಿನ ಎರಡರಲ್ಲಿ ಒಂದು 5 ವೋಲ್ಟ್, ಇನ್ನೊಂದು ಗ್ರೌಂಡ್. "ಪೋರ್ಟ್ ಜಾಸ್ತಿ ಕರೆಂಟ್ ತಳ್ಳಿ ಸುಟ್ಟುಬಿಡ್ತು" ಅಂತ ಜನ ಹೇಳ್ತಾರೆ. ಅದು ಹಾಗಲ್ಲ. ವೋಲ್ಟೇಜ್ ಸರಿಯಿದ್ದರೆ ಸಾಧನ ತನಗೆ ಬೇಕಾದಷ್ಟು ಕರೆಂಟ್ ಮಾತ್ರ ಎಳ್ಕೊಳ್ಳುತ್ತೆ. ಅದು ಸಾಯೋದು ವೋಲ್ಟೇಜ್ ಮಿತಿಮೀರಿದಾಗ, ಇಲ್ಲವೇ ತಂತಿಗಳು ಅದಲು ಬದಲಾದಾಗ. ಡೆಬಿಟ್ ಜಾಗದಲ್ಲಿ ಕ್ರೆಡಿಟ್ ಬರೆದ ಹಾಗೆ. ಮೊತ್ತ ಸರಿಯಿದ್ದರೂ ಪುಸ್ತಕ ಹಾಳು.

ಮೊದಮೊದಲು ಯುಎಸ್‌ಬಿ ಪೋರ್ಟ್ ಹೆಚ್ಚಾಗಿ ಇದ್ದಿದ್ದು ಕಂಪ್ಯೂಟರಿನ ಬೆನ್ನಲ್ಲಿ, ಮದರ್‌ಬೋರ್ಡಿಗೇ ಬೆಸುಗೆ ಹಾಕಿದ ಸ್ಥಿತಿಯಲ್ಲಿ. ಅಲ್ಲಿ ತಂತಿ ತಪ್ಪೋಕೆ ಅವಕಾಶವೇ ಇರಲಿಲ್ಲ. ಮೌಸ್, ಪ್ರಿಂಟರ್ ಒಮ್ಮೆ ಚುಚ್ಚಿದರೆ ಮುಗೀತು. ಆದರೆ 2000ದಲ್ಲಿ ಪೆನ್‌ಡ್ರೈವ್ ಮಾರುಕಟ್ಟೆಗೆ ಬಂತು. ಅದನ್ನು ದಿನಕ್ಕೆ ಹತ್ತು ಸಲ ಚುಚ್ಚಬೇಕು, ತೆಗೀಬೇಕು. ಪ್ರತಿ ಸಲ ಮೇಜಿನ ಕೆಳಗೆ ತೂರೋಕೆ ಯಾರಿಗೆ ಆಗುತ್ತೆ? ಹೀಗಾಗಿ ಕ್ಯಾಬಿನೆಟ್ಟಿನ ಮುಂಭಾಗಕ್ಕೂ ಪೋರ್ಟ್ ಬಂತು. ಅಲ್ಲಿಂದ ಮದರ್‌ಬೋರ್ಡಿಗೆ ಒಂದು ಕೇಬಲ್ ಎಳೆದರು.

ಎಡವಟ್ಟು ಶುರುವಾಗಿದ್ದು ಈ ಕೇಬಲ್ಲಿನಿಂದ. ಯುಎಸ್‌ಬಿ ನಿಯಮ ಹೊರಗಿನ ಪೋರ್ಟನ್ನು ಕಟ್ಟುನಿಟ್ಟಾಗಿ ಕಾಯ್ತಿತ್ತು. ಡಬ್ಬದ ಒಳಗಿನ ಈ ತುಂಡು ದಾರಿಯನ್ನು ಅಷ್ಟು ಕಾಯಲಿಲ್ಲ. ಆರಂಭದ ಕ್ಯಾಬಿನೆಟ್ಟುಗಳಲ್ಲಿ ನಾಲ್ಕು ತಂತಿಗೆ ನಾಲ್ಕು ಬಿಡಿ ಪ್ಲಗ್. ಒಂದೊಂದರ ಮೇಲೆ ಇರುವೆ ಗಾತ್ರದ ಅಕ್ಷರ. ಬೋರ್ಡಿನ ಮೇಲಿನ ಪಿನ್‌ಗಳ ಕ್ರಮವೂ ಕಂಪನಿಯಿಂದ ಕಂಪನಿಗೆ ಬೇರೆ. ಜೋಡಿಸೋನು 5 ವೋಲ್ಟನ್ನೂ ಗ್ರೌಂಡನ್ನೂ ಅದಲು ಬದಲು ಮಾಡಿದರೆ ಅಲ್ಲಿ ಚುಚ್ಚಿದ್ದೆಲ್ಲ ಬೂದಿ.

ಆಮೇಲೆ ಒಂದು ರೂಪ ಗಟ್ಟಿಯಾಯ್ತು. ಎರಡು ಸಾಲು, ಸಾಲಿಗೆ ಐದು ಜಾಗ. ತಿರುಗಾಮುರುಗಾ ಕೂರದಿರಲಿ ಅಂತ ಒಂದು ಜಾಗದಲ್ಲಿ ಪಿನ್ ಇಲ್ಲ. ಒಟ್ಟು 9 ಪಿನ್, ಎರಡು ಪೋರ್ಟಿಗೆ ಸಾಕು. ಸಮಸ್ಯೆ ಮುಗೀತು ಅಂದ್ಕೊಂಡ್ರಾ? ಇನ್ನೊಂದು ಕಾದಿತ್ತು.

ಆ ಕಾಲಕ್ಕೆ ಫೈರ್‌ವೈರ್ ಅನ್ನೋ ಮತ್ತೊಂದು ಸಂಪರ್ಕವಿತ್ತು. ಆಪಲ್ ಬೆಳೆಸಿದ್ದು, 1995ರಲ್ಲಿ ಐಇಇಇ 1394 ಅನ್ನೋ ಹೆಸರಲ್ಲಿ ಮಾನಕವಾಯ್ತು. ಸಣ್ಣ ಡಿವಿ ಟೇಪಿನಲ್ಲಿ ಶೂಟ್ ಆದ ಮದುವೆ ವಿಡಿಯೋ ಕಂಪ್ಯೂಟರಿಗೆ ಇಳೀತಿದ್ದಿದ್ದು ಇದರಿಂದಲೇ. ಹೊರಗಡೆ ಇದರ ಪ್ಲಗ್ಗಿನ ಆಕಾರ ಬೇರೆ, ಯುಎಸ್‌ಬಿ ಜೊತೆ ಗೊಂದಲ ಆಗಲ್ಲ. ಒಳಗಡೆ? ಮದರ್‌ಬೋರ್ಡಿನ ಮೇಲೆ ಇದಕ್ಕೂ ಅದೇ ಎರಡು ಸಾಲು, ಅದೇ 9 ಪಿನ್, ಖಾಲಿ ಜಾಗವೂ ಅಲ್ಲೇ. ಆದರೆ ಯುಎಸ್‌ಬಿಯಲ್ಲಿ 7 ಮತ್ತು 8ನೇ ಪಿನ್ ಗ್ರೌಂಡ್ ಆದರೆ, ಫೈರ್‌ವೈರ್‌ನಲ್ಲಿ ಅದೇ ಎರಡು ಪಿನ್ನುಗಳಲ್ಲಿ 12 ವೋಲ್ಟ್. ಮದರ್‌ಬೋರ್ಡ್ ಕೈಪಿಡಿಗಳಲ್ಲಿ "ಯುಎಸ್‌ಬಿ ಕೇಬಲ್ಲನ್ನು ಇಲ್ಲಿ ಹಾಕಬೇಡಿ" ಅಂತ ಎಚ್ಚರಿಕೆ ಅಚ್ಚಾಗ್ತಿತ್ತು. ಆದರೆ ಕೈಪಿಡಿ ಓದಿ ಧೂಳು ಒರೆಸೋರು ಯಾರು?

ನಮ್ಮ ಅಂಗಡಿಯಲ್ಲಿ ಆಗಿದ್ದೂ ಇದೇ. ಹಿಂದಿನ ವಾರ ಒಬ್ಬರು ಕ್ಯಾಬಿನೆಟ್ ಬಿಚ್ಚಿ ಧೂಳು ಹೊಡೆದಿದ್ದರು. ಕೇಬಲ್ ಕಿತ್ತು, ಮತ್ತೆ ಹಾಕುವಾಗ ಪಕ್ಕದ ಸಾಲಿಗೆ ಕೂರಿಸಿದ್ದರು. ಸಲೀಸಾಗಿ ಕೂತಿತು, ಅನುಮಾನವೇ ಬರಲಿಲ್ಲ. ಮೂರನೇ ಪೆನ್‌ಡ್ರೈವ್ ಹೋದ ಮೇಲೆ ಮಾಲೀಕರು ರಿಪೇರಿಯವರನ್ನು ಕರೆಸಿದರು. ಮುಂದಿನ ಪೋರ್ಟಿಗೆ ಮೀಟರ್ ಇಟ್ಟಾಗ ಅಂಕಿಯ ಹಿಂದೆ ಮೈನಸ್ ಗುರುತು. ಹಿಂದಿನ ಪೋರ್ಟಿನಲ್ಲಿ ಸರಿಯಾಗಿ 5. ಹತ್ತು ನಿಮಿಷದಲ್ಲಿ ಕೇಸ್ ಮುಗೀತು.

ಹಾಗಾಗಿ ನಿಮ್ಮ ಡೆಸ್ಕ್‌ಟಾಪ್ ಎರಡನೇ ಸಾಧನವನ್ನು ಸುಟ್ಟರೆ, ಮೂರನೆಯದನ್ನು ಚುಚ್ಚಿ ನೋಡ್ಬೇಡಿ. ಮೊದಲು ಮುಂದಿನದಾ, ಹಿಂದಿನದಾ, ಯಾವ ಪೋರ್ಟಿನಲ್ಲಿ ಹೋಯ್ತು ಅಂತ ನೆನಪು ಮಾಡ್ಕೊಳ್ಳಿ. ಆಮೇಲೆ ಒಂದು ಯುಎಸ್‌ಬಿ ಟೆಸ್ಟರ್ ಹಾಕಿ ನೋಡಿ. ಅದು ಸುಟ್ಟರೂ ಡೇಟಾ ಹೋಗಲ್ಲ. ಯುಎಸ್‌ಬಿ 2.0ರ ಮೂಲ ನಿಯಮದ ಪ್ರಕಾರ ಇರಬೇಕಾದ್ದು 4.75ರಿಂದ 5.25 ವೋಲ್ಟ್. ಮುಂದಿನ ಪೋರ್ಟ್ ಮಾತ್ರ ಕೆಟ್ಟಿದ್ದರೆ ಪವರ್ ಕೇಬಲ್ ಕಿತ್ತು, ಡಬ್ಬ ತೆಗೆದು, ಆ ಕೇಬಲ್ ಎಲ್ಲಿ ಕೂತಿದೆ ಅಂತ ಬೋರ್ಡಿನ ಮೇಲಿನ ಅಕ್ಷರ ಓದಿ. ಪೋರ್ಟಿನ ಒಳಗಿನ ತಗಡು ಬಾಗಿ ಒಂದಕ್ಕೊಂದು ತಾಗ್ತಿದೆಯಾ ಅಂತಲೂ ಟಾರ್ಚ್ ಹಿಡಿದು ನೋಡಿ. ಎಲ್ಲಾ ಪೋರ್ಟುಗಳಲ್ಲೂ ವೋಲ್ಟೇಜ್ ಜಾಸ್ತಿ ಇದ್ದರೆ ಎಸ್‌ಎಂಪಿಎಸ್ ಮೇಲೆ ಅನುಮಾನ ಪಡಿ. ಅದನ್ನು ಬದಲಿಸಿ, ಬಿಚ್ಚೋಕೆ ಮಾತ್ರ ಹೋಗ್ಬೇಡಿ.

ಇನ್ನೊಂದು, ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಅನ್ನುತ್ತಾ? ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತೆ, ಅರ್ಥಿಂಗ್ ತಂತಿ ಇರಲ್ಲ. ಆಗ ಎಸ್‌ಎಂಪಿಎಸ್‌ನ ಫಿಲ್ಟರಿನಿಂದ ಸೋರುವ ವಿದ್ಯುತ್ತು ಕ್ಯಾಬಿನೆಟ್ಟಿಗೆ ಬಂದು ಕೂರುತ್ತೆ. ಅರ್ಥಿಂಗ್ ಇರೋ ಪ್ರಿಂಟರನ್ನು ಅದಕ್ಕೆ ಜೋಡಿಸಿದ ಕ್ಷಣ ಅದು ಯುಎಸ್‌ಬಿ ದಾರಿಯಲ್ಲೇ ಹರಿಯಬಹುದು. ಇದಕ್ಕೆ ಬೇಕಾಗಿರೋದು ಕಂಪ್ಯೂಟರ್ ರಿಪೇರಿಯವರಲ್ಲ, ಎಲೆಕ್ಟ್ರೀಷಿಯನ್.

ಇದೆಲ್ಲ ಹಳೇ ಕಾಲದ ಕಥೆ ಅನ್ಸಿದ್ರೆ ಇದನ್ನೂ ಕೇಳಿ. ಅದೇ 2016ರ ಫೆಬ್ರವರಿಯಲ್ಲಿ ಗೂಗಲ್ ಇಂಜಿನಿಯರ್ ಬೆನ್ಸನ್ ಲ್ಯೂಂಗ್ ಯುಎಸ್‌ಬಿ ಟೈಪ್ ಸಿ ಕೇಬಲ್ಲುಗಳನ್ನು ಪರೀಕ್ಷೆ ಮಾಡ್ತಿದ್ದರು. ಒಂದು ಕೇಬಲ್ ಚುಚ್ಚಿದ್ದೇ ತಡ, ಅವರ ಲ್ಯಾಪ್‌ಟಾಪ್ ಹಾಳಾಯ್ತು. ಆ ಕೇಬಲ್ಲಿನಲ್ಲಿ ವಿದ್ಯುತ್ ತಂತಿ ಮತ್ತು ಗ್ರೌಂಡ್ ಅದಲು ಬದಲಾಗಿತ್ತು. ಅದೇ ವರ್ಷ ಅಮೆಜಾನ್ ನಿಯಮಕ್ಕೆ ಒಪ್ಪದ ಟೈಪ್ ಸಿ ಕೇಬಲ್ಲುಗಳ ಮಾರಾಟ ನಿಷೇಧಿಸಿತು. ಡಬ್ಬದ ಒಳಗಿನ ಹಳೇ ತಪ್ಪು ನಮ್ಮ ಜೇಬಿನವರೆಗೂ ಬಂದಿತ್ತು.

ನನಗೆ ಈ ಇತಿಹಾಸದಲ್ಲಿ ಕಾಣೋದು ಒಂದೇ. ಹೊರಗಿನ ಪೋರ್ಟ್ ಎಲ್ಲಾ ಕಡೆ ಒಂದೇ ಥರ ಕಾಣುತ್ತೆ, ಅದಕ್ಕೇ ನಾವು ಅದನ್ನು ನಂಬ್ತೀವಿ. ಹಿಂದಿನ ತಂತಿ ಕೂರಿಸಿದ್ದು ಯಾರೋ ಒಬ್ಬರ ಕೈ. ಆ ಕೈ ತಪ್ಪಿದಾಗ ಬೈಗುಳ ಬೀಳೋದು ಸತ್ತ ಸಾಧನಕ್ಕೆ, ದಂಡ ಕಟ್ಟೋದು ಅದನ್ನು ತಂದವರು.

ಆ ಹುಡುಗಿ ರಾತ್ರಿಯಿಡೀ ಕೂತು ಮತ್ತೆ ಟೈಪ್ ಮಾಡಿದಳಂತೆ. ಕಾರಣ ಗೊತ್ತಾದ ಮೇಲೆ ಮಾಲೀಕರು ಅವಳಿಗೆ ಹೊಸ ಪೆನ್‌ಡ್ರೈವ್ ಕೊಡಿಸಿದರು. ನಾನು ಸಾರಿ ಕೇಳಿದೆ. ಉಳಿದ ಇಬ್ಬರಿಗೂ ಅಂತ ಎರಡು ತಂದು ಡ್ರಾಯರಿನಲ್ಲಿ ಇಟ್ಟಿದ್ವಿ. ಅವರು ಮತ್ತೆ ನಮ್ಮ ಅಂಗಡಿಗೆ ಬರಲೇ ಇಲ್ಲ.

ಮುಂದಿನ ವಾರ ಸಿಗೋಣ. ಅಷ್ಟರಲ್ಲಿ ನಿಮ್ಮ ಮುಖ್ಯವಾದ ಫೈಲಿಗೆ ಇನ್ನೊಂದು ಕಾಪಿ ಮಾಡಿಟ್ಕೊಳ್ಳಿ.